ಕೆಳದಿ ಸಂಸ್ಥಾನದ ಏಳುಬೀಳುಗಳು ಹೇಳುವ ಪಾಠ

ಶ್ರೀಮಠದ ಈ ಮಹೋತ್ಸವದ ಸ್ಮಾರಕ ಸಂಪುಟಕ್ಕೆ ಇತಿಹಾಸ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಕೊಡಿಸಿದರು. ಉತ್ಸವದ ವೇಳೆಯಲ್ಲಿ ಏಳಿಗೆಯ ಕಥೆಯನ್ನು ಹೇಳುವುದು ಲೋಕರೂಢಿ. ಆದರೆ ಒಂದು ಸಂಸ್ಥೆಯು ಬಹುಕಾಲ ಬಾಳಿಬಂದುದಕ್ಕಾಗಿ ಸಂತೋಷಪಡುವ ದಿನದಲ್ಲಿ, ಅದಕ್ಕಿಂತಲೂ ಬಲವಾಗಿದ್ದ ಮತ್ತೊಂದು ಸಂಸ್ಥೆಯು ಏಕೆ ಬಾಳದೆ ಹೋಯಿತೆಂಬುದನ್ನು ವಿಚಾರಿಸಿ ನೋಡುವುದೂ ಉಚಿತವೆಂದು ನನಗೆ ತೋರಿತು. ಆದುದರಿಂದ ನಮ್ಮವರೇ ಕಟ್ಟಿ, ನಮ್ಮವರೇ ಆಳಿ, ನಮ್ಮವರ ಕೈಯಿಂದಲೇ ಜಾರಿಹೋದ ಕೆಳದಿ ಸಂಸ್ಥಾನದ ವೃತ್ತಾಂತವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಕ್ರಿ. ಶ. 1500ರ ಸುಮಾರಿಗೆ ಚೌಡಪ್ಪ ನಾಯಕನಿಂದ ಆರಂಭವಾಗಿ 1763ರಲ್ಲಿ ವೀರಮ್ಮಾಜಿಯ ಕಾಲಕ್ಕೆ ಮುಗಿದ ಈ ರಾಜ್ಯವು ಎರಡೂವರೆ ಶತಮಾನಗಳಿಗೂ ಮಿಕ್ಕಿ ಮಲೆನಾಡನ್ನೂ ಕರಾವಳಿಯನ್ನೂ ಆಳಿತು. ವಿಜಯನಗರವು 1565ರಲ್ಲಿ ಮುರಿದುಬಿದ್ದ ತರುವಾಯ ಕನ್ನಡ ನಾಡಿನಲ್ಲಿ ಸ್ವತಂತ್ರವಾಗಿ ತಲೆಯೆತ್ತಿ ನಿಂತ ದೊರೆತನಗಳಲ್ಲಿ ಇದು ಮುಖ್ಯವಾದುದು. ಅರಸರು ಲಿಂಗವಂತರು, ಊರೂರಿಗೆ ಮಹತ್ತಿನ ಮಠಗಳನ್ನು ಕಟ್ಟಿಸಿ ಜಂಗಮ ದಾಸೋಹಕ್ಕೆ ಭೂಮಿಗಳನ್ನು ಬಿಟ್ಟವರು. ಹೀಗೆಂದು ಪರಮತವನ್ನು ಕಡೆಗಣಿಸಿದವರಲ್ಲ. ಶೃಂಗೇರಿಯ ಮಠಕ್ಕೂ ಅವರ ಆಶ್ರಯವಿದ್ದಿತು. ಇಂಥ ರಾಜ್ಯವು ಕೆಲವೇ ದಿನಗಳ ಒಂದು ದಂಡಯಾತ್ರೆಯಲ್ಲಿ ಹೈದರಾಲಿಯ ವಶವಾಯಿತೆಂದರೆ ಓದಿದವರಿಗೆ ಆಶ್ಚರ್ಯವೂ ವ್ಯಥೆಯೂ ಆಗುವುದು ಸಹಜ.

ಈ ಅಳಿವಿಗೆ ಎರಡು ಕಾರಣಗಳನ್ನು ಸಾಮಾನ್ಯವಾಗಿ ಹೇಳುವುದುಂಟು. ರಾಣಿಯ ನಡತೆಯು ಸರಿಯಿರಲಿಲ್ಲವೆಂಬುದು ಒಂದು. ಮಂತ್ರಿಯೊಬ್ಬನು ದ್ರೋಹಮಾಡಿ ಕಳ್ಳದಾರಿಯನ್ನು ತೋರಿದನೆಂಬುದು ಇನ್ನೊಂದು. ಮೊದಲನೆಯದನ್ನು ಬರೆದವರಲ್ಲಿ ಹೆಚ್ಚಿನವರು ಗೆದ್ದವರ ಕಡೆಯ ಮಾತನ್ನು ಕೇಳಿ ಬರೆದವರು. ಸೋತ ಹೆಂಗಸಿನ ಮೇಲೆ ಅಪವಾದ ಹೊರಿಸುವುದು ಬಹು ಸುಲಭ. ಅದರಿಂದ ರಾಜ್ಯದ ಸೋಲಿಗೆ ಕಾರಣವು ತಿಳಿಯುವುದಿಲ್ಲ. ಎರಡನೆಯದು ನಡೆದ ಸಂಗತಿಯೇ ಇರಬಹುದು. ಆದರೆ ಒಬ್ಬನು ಒಂದು ದಾರಿಯನ್ನು ತೋರಿದ ಮಾತ್ರಕ್ಕೆ ಇಡೀ ರಾಜ್ಯವು ಬೀಳಬೇಕಾದರೆ, ಆ ರಾಜ್ಯದ ಸಮಸ್ತ ಭಾರವೂ ಆ ಒಂದು ದಾರಿಯ ಗುಟ್ಟಿನ ಮೇಲೆಯೇ ನಿಂತಿರಬೇಕಷ್ಟೆ. ಹಾಗೆ ನಿಲ್ಲುವಂತೆ ಮಾಡಿದವರು ಯಾರು, ಯಾವಾಗ, ಏಕೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ರಾಜ್ಯದ ನಾಲ್ಕು ಕಂಬಗಳು

ಕೆಳದಿಯ ಏಳಿಗೆಯ ಕಾಲವನ್ನು, ಅಂದರೆ ಹಿರಿಯ ವೆಂಕಟಪ್ಪ ನಾಯಕನಿಂದ ಚೆನ್ನಮ್ಮಾಜಿಯವರೆಗಿನ ನೂರು ವರ್ಷಗಳನ್ನು, ನೋಡಿದರೆ ರಾಜ್ಯವು ನಾಲ್ಕು ಕಂಬಗಳ ಮೇಲೆ ನಿಂತಿದ್ದುದು ಕಂಡುಬರುತ್ತದೆ.

ಮೊದಲನೆಯದು ಕಾಡು ಮತ್ತು ಕೋಟೆ. ಮೊದಲು ಕೆಳದಿ, ಬಳಿಕ ಇಕ್ಕೇರಿ ರಾಜಧಾನಿಗಳಾಗಿದ್ದುವು. 1637ರಲ್ಲಿ ಬಿಜಾಪುರದ ಸರದಾರ ರಣದುಲ್ಲಾ ಖಾನನು ದಂಡೆತ್ತಿ ಬಂದು ಇಕ್ಕೇರಿಯನ್ನು ಹಿಡಿದು ಸೂರೆಮಾಡಿದನು. ಆಗ ಅರಸನಾಗಿದ್ದ ವೀರಭದ್ರ ನಾಯಕನು ಬಯಲಿನ ಕಡೆಗೆ ತೆರೆದಿದ್ದ ಆ ಊರನ್ನು ಬಿಟ್ಟು, ಗುಡ್ಡ ಬೆಟ್ಟಗಳ ನಡುವಣ ದಟ್ಟಡವಿಯಲ್ಲಿದ್ದ ಬಿದನೂರನ್ನು 1639ರ ಹೊತ್ತಿಗೆ ರಾಜಧಾನಿ ಮಾಡಿಕೊಂಡನು. ಏಟು ತಿಂದ ಕೂಡಲೆ ಹಳೆಯ ಅಭಿಮಾನವನ್ನು ಬಿಟ್ಟು ಹೊಸ ನೆಲೆಯನ್ನು ಹುಡುಕಿದ್ದು ಬಹಳ ವಿವೇಕದ ಕೆಲಸ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಹಿಂದಿರುಗಿ ಬರುತ್ತೇನೆ.

ಎರಡನೆಯದು ಒಕ್ಕಲು. ಶಿವಪ್ಪ ನಾಯಕನು (1645-1660) ಜಾರಿಗೆ ತಂದ ‘ಶಿಸ್ತು’ ಎಂಬ ಕಂದಾಯದ ಕ್ರಮವು ಇಂದಿಗೂ ಮಲೆನಾಡಿನಲ್ಲಿ ಮನೆಮಾತಾಗಿದೆ. ಭೂಮಿಯನ್ನು ಅದರ ಸಾರಕ್ಕೆ ತಕ್ಕಂತೆ ಐದು ತರವಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಬೆಳೆಯನ್ನು ಅಳೆಯಿಸಿ, ಸರಾಸರಿ ಹುಟ್ಟುವಳಿಯನ್ನು ಕಂಡು, ಅದರ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ಪ್ರತೀತಿ. ಕಂದಾಯವು ಇಷ್ಟೇ ಎಂದು ತಿಳಿದ ರೈತನು ಧೈರ್ಯದಿಂದ ಅಡಿಕೆಯ ತೋಟವನ್ನು ಹಾಕಬಲ್ಲನು. ಅಡಿಕೆಯ ಸಸಿಯು ಫಲಕ್ಕೆ ಬರಲು ವರ್ಷಗಳೇ ಬೇಕು; ನಾಳೆಯ ಭರವಸೆಯಿಲ್ಲದ ನಾಡಿನಲ್ಲಿ ಯಾರೂ ತೋಟ ಮಾಡುವುದಿಲ್ಲ.

ಮೂರನೆಯದು ಕಡಲು. ಘಟ್ಟದ ಮೆಣಸೂ ಕರಾವಳಿಯ ಅಕ್ಕಿಯೂ ಹೊನ್ನಾವರ, ಭಟಕಳ, ಗಂಗೊಳ್ಳಿ, ಬಸರೂರು, ಮಂಗಳೂರುಗಳಿಂದ ಹಡಗು ಹತ್ತುತ್ತಿದ್ದುವು. ಗೋವೆಯ ಪೋರ್ತುಗೀಸರ ಊಟಕ್ಕೆ ಈ ಸೀಮೆಯ ಅಕ್ಕಿಯೇ ಬೇಕಾಗಿದ್ದಿತು. ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಪೋರ್ತುಗೀಸ ರಾಯಭಾರಿಯ ಜತೆಯಲ್ಲಿ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟಿದ್ದಾನೆ. ಪರದೇಶದ ವ್ಯಾಪಾರಿಗಳು ಅರಸನ ಬಾಗಿಲಿಗೆ ಬರಬೇಕಾಗಿದ್ದ ಕಾಲವದು. ಶಿವಪ್ಪ ನಾಯಕನಂತೂ 1652-54ರಲ್ಲಿ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳಲ್ಲಿದ್ದ ಪೋರ್ತುಗೀಸರ ಕೋಟೆಗಳನ್ನು ಕಿತ್ತುಕೊಂಡನು. ಡಚ್ಚರನ್ನು ಅವರ ಎದುರಿಗೆ ನಿಲ್ಲಿಸಿ ಸಮತೂಕ ಮಾಡಿದನು.

ನಾಲ್ಕನೆಯದು ಮೈತ್ರಿ. ನೆಲೆಗೆಟ್ಟ ವಿಜಯನಗರದ ಶ್ರೀರಂಗರಾಯನಿಗೆ ಶಿವಪ್ಪ ನಾಯಕನು ಆಶ್ರಯವಿತ್ತನು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ದಂಡಿಗೆ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ, ಚೆನ್ನಮ್ಮಾಜಿಯು ಆತನನ್ನು ಕಾಪಾಡಿ ಕಳುಹಿಸಿದ ಕಥೆಯು ಎಲ್ಲರಿಗೂ ತಿಳಿದದ್ದೇ. ಅದೇ ಚೆನ್ನಮ್ಮಾಜಿಯು 1678ರಲ್ಲಿ ಪೋರ್ತುಗೀಸರೊಡನೆ ಕೌಲು ಮಾಡಿಕೊಂಡು, ಹಿಂದೆ ವೈರಿಗಳಾಗಿದ್ದವರನ್ನು ವ್ಯಾಪಾರದ ನಂಟಿಗೆ ಎಳೆದುಕೊಂಡಳು. ಕರಾವಳಿಯ ಕ್ರೈಸ್ತರಿಗೆ ತಮ್ಮ ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಳ್ಳಲು ಅವಕಾಶವಿತ್ತಳು. ವೇಳೆಗೆ ತಕ್ಕಂತೆ ಹೋರಾಡುವುದು, ಸಂಧಿ ಮಾಡುವುದು, ಶರಣು ಬಂದವರನ್ನು ಕಾಯುವುದು ಈ ಮೂರೂ ಆಕೆಗೆ ತಿಳಿದಿದ್ದುವು.

ಒಂದು ಕಂಬವು ಅಲುಗಿದಾಗ ಉಳಿದ ಮೂರು ಅದರ ಭಾರವನ್ನು ಹೊರುತ್ತಿದ್ದುವು. 1665ರಲ್ಲಿ ಶಿವಾಜಿಯು ಹಡಗಿನಲ್ಲಿ ಬಂದು ಬಸರೂರನ್ನು ಸೂರೆಮಾಡಿದನು; ಆದರೂ ರಾಜ್ಯವು ಕುಸಿಯಲಿಲ್ಲ. ಸೋಮಶೇಖರ ನಾಯಕನ ಕೊಲೆಯಾಗಿ ಅರಮನೆಯಲ್ಲಿ ಕೋಲಾಹಲವೆದ್ದಿತು; ಆಗಲೂ ಕುಸಿಯಲಿಲ್ಲ.

ಕಂಬಗಳು ಎರಡಾದ ಬಗೆ

ಹದಿನೆಂಟನೆಯ ಶತಮಾನದಲ್ಲಿ ರಾಜ್ಯದ ಮೇಲಣ ಒತ್ತಡವು ಎಲ್ಲ ಕಡೆಗಳಿಂದಲೂ ಹೆಚ್ಚಿತು. 1713ರಲ್ಲಿ ಪೋರ್ತುಗೀಸರು ಕರಾವಳಿಯ ಊರುಗಳನ್ನು ಸುಟ್ಟು ಹಾಳುಗೆಡಹಿದರು. ಮರುವರ್ಷ ಅವರೊಡನೆ ಹೊಸ ಕೌಲಾಯಿತು. ಬಡಗಣಿಂದ ಮರಾಠರು ಚೌಥಿಗಾಗಿ ಮತ್ತೆ ಮತ್ತೆ ಬರಲಾರಂಭಿಸಿದರು. 1727ರಲ್ಲಿ ಬಾಜೀರಾಯನ ದಂಡು ಶ್ರೀರಂಗಪಟ್ಟಣದವರೆಗೂ ಬಂದುಹೋಯಿತು. ಮೂಡಣ ದಿಕ್ಕಿನಲ್ಲಿ ಚಿತ್ರದುರ್ಗದವರೊಡನೆ ಹಗೆತನವು ಬೆಳೆದು, 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ನಾಯಕನೇ ಮಡಿದನು. ಅಂದು ಬಿದನೂರಿನವರ ಕಡೆಗೆ ಜಯವಾಯಿತು. ಆದರೆ ನೆರೆಯವನೊಬ್ಬನು ಎಂದೆಂದಿಗೂ ಹಗೆಯಾಗಿ ಉಳಿದುಕೊಂಡನು.

ಇಷ್ಟು ಒತ್ತಡದ ನಡುವೆ ಅರಮನೆಯವರು ಮಾಡಿದುದೇನು? ಹಿಂದೆ ಫಲ ಕೊಟ್ಟಿದ್ದ ಉಪಾಯಗಳಲ್ಲಿ ಅತಿ ಸುಲಭವಾದ ಎರಡನ್ನು ಹಿಡಿದುಕೊಂಡು ಮಿಕ್ಕವನ್ನು ಕೈಬಿಟ್ಟರು. ಕಾಡಿನ ಬಾಗಿಲುಗಳನ್ನು ಮುಚ್ಚಿಕೊಳ್ಳುವುದು ಒಂದು. ಬಂದವನಿಗೆ ಹಣವನ್ನು ಕೊಟ್ಟು ಹಿಂದಕ್ಕೆ ಕಳುಹಿಸುವುದು ಇನ್ನೊಂದು. ಈ ಉಪಾಯಗಳು ಕೆಟ್ಟವೆಂದು ಹೇಳಲಾಗದು. ಕಾಡು ಅನೇಕಸಲ ಕಾಪಾಡಿತ್ತು. ಹಣವೂ ಅನೇಕಸಲ ಕಾಪಾಡಿತ್ತು. ದಂಡು ಬಂದಾಗಲೆಲ್ಲ ಬಾಗಿಲು ಮುಚ್ಚಿದರು, ಹಣ ಎಣಿಸಿದರು, ದಂಡು ಹಿಂದಿರುಗಿತು. ಇದೇ ರಾಜನೀತಿಯೆಂದು ಒಂದು ತಲೆಮಾರಿನವರಿಗೆ ಮನವರಿಕೆಯಾಗಲು ಇಷ್ಟು ಸಾಕಾಯಿತು. ವೀರಭದ್ರ ನಾಯಕನು ಬಿದನೂರಿಗೆ ಬಂದದ್ದು ಹೊಸ ಸ್ಥಿತಿಗೆ ಹೊಂದಿಕೊಳ್ಳುವ ಸಲುವಾಗಿ. ಅವನ ವಂಶಜರು ಬಿದನೂರಿನಲ್ಲಿ ಕುಳಿತುಬಿಟ್ಟದ್ದು ಹೊಸ ಸ್ಥಿತಿಯನ್ನು ನೋಡದಿರುವ ಸಲುವಾಗಿ. ಹಿರಿಯರನ್ನು ಬದುಕಿಸಿದ ಉಪಾಯವೇ ಕಿರಿಯರ ಕಣ್ಣಿಗೆ ಪೊರೆಯಾಯಿತು.

ಈ ಬದಲಾವಣೆಯ ಗುರುತನ್ನು ಕಂದಾಯದ ಲೆಕ್ಕದಲ್ಲಿಯೇ ಕಾಣಬಹುದು. ಹಿರಿಯ ಬಸಪ್ಪ ನಾಯಕನು (1697-1714) ವಿದ್ವಾಂಸನು. 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದವನು. ಆತನ ಕಾಲದಲ್ಲಿ ಶಿಸ್ತಿನ ಮೇಲೆ ಒಂದು ಸಣ್ಣ ತೆರಿಗೆಯನ್ನು ಹೆಚ್ಚಿಸಿದರು. ಅದು ದಾರಿಹೋಕರಿಗೆ ಅನ್ನವಿಕ್ಕುವ ದಾಸೋಹಕ್ಕಾಗಿ. ಮುಂದಿನವರು ಅದರ ಮೇಲೆ ಇನ್ನೊಂದು ಪಟ್ಟಿಯನ್ನು ಹಾಕಿದರು. ಅದು ದಂಡೆತ್ತಿ ಬಂದವರಿಗೆ ತೆರುವುದಕ್ಕಾಗಿ. ಮೊದಲನೆಯ ತೆರಿಗೆಯನ್ನು ಕೊಟ್ಟ ರೈತನು ತನ್ನ ಹಣವು ಹಸಿದವನ ಎಲೆಗೆ ಬೀಳುವುದನ್ನು ಕಣ್ಣಾರೆ ಕಂಡನು. ಎರಡನೆಯದನ್ನು ಕೊಟ್ಟವನು ತನ್ನ ಹಣವು ಘಟ್ಟವಿಳಿದೋ ಹೊಳೆದಾಟಿಯೋ ಹೋಗುವುದನ್ನು ಕಂಡನು. ತೆರಿಗೆಯ ಮೊತ್ತಕ್ಕಿಂತ ಹೆಚ್ಚಾಗಿ, ಅರಮನೆಗೂ ಒಕ್ಕಲಿಗೂ ಇದ್ದ ನಂಟು ಇದರಿಂದ ಬದಲಾಯಿತು. ಹನ್ನೆರಡು ವರ್ಷ ಬೆಳೆಯನ್ನು ಅಳೆದು ಕಂದಾಯ ಗೊತ್ತುಮಾಡುವಷ್ಟು ತಾಳ್ಮೆ ಯಾರಿಗೂ ಉಳಿಯಲಿಲ್ಲ. ಬರುವ ಬೇಸಗೆಯ ಹೊತ್ತಿಗೆ ಹಣ ಸಿದ್ಧವಾಗಿದ್ದರೆ ಸಾಕಾಯಿತು.

ಕಡಲಿನ ಕಡೆಯಲ್ಲಿಯೂ ಹೀಗೆಯೇ. 1751ರಲ್ಲಿ ಇಂಗ್ಲಿಷರ ಕಂಪೆನಿಯವರು ಹೊನ್ನಾವರದಲ್ಲಿ ಕೋಠಿಯನ್ನು ತೆರೆದರು. ಮೆಣಸು ಮಾರಿ ಹಣ ಬರುತ್ತಿತ್ತು; ಹಣವು ಬೊಕ್ಕಸಕ್ಕೆ ಸೇರುತ್ತಿತ್ತು. ಆದರೆ ಒಬ್ಬ ಪರದೇಶಿಯ ಎದುರಿಗೆ ಮತ್ತೊಬ್ಬನನ್ನು ನಿಲ್ಲಿಸಿ ತೂಗುವ ಹಳೆಯ ಜಾಣತನವು ಹಿಂದಿನಂತೆ ಉಳಿಯಲಿಲ್ಲ. ರಾಜ್ಯಕ್ಕೆ ನೆರವಾಗಿದ್ದ ಕಡಲು ಬೊಕ್ಕಸವನ್ನು ತುಂಬುವ ಕೊಳಾಯಿಯಾಗಿ ಉಳಿಯಿತು.

ಇದಕ್ಕೂ ಹೆಚ್ಚಿನ ನಷ್ಟವು ಆಲೋಚನಾ ಸಭೆಯಲ್ಲಿ ಆಯಿತು. 1754ರಲ್ಲಿ ಪಟ್ಟಕ್ಕೆ ಬಂದ ಚೆನ್ನಬಸಪ್ಪ ನಾಯಕನು ಮೂರೇ ವರ್ಷಗಳಲ್ಲಿ ತೀರಿಹೋದನು. ಕೊಲೆಯಾಯಿತೆಂಬ ಸುದ್ದಿಯೂ ಹಬ್ಬಿತು. ವೀರಮ್ಮಾಜಿಯು ದತ್ತುಪುತ್ರನ ಹೆಸರಿನಲ್ಲಿ ಆಳಬೇಕಾಯಿತು. ಹಿಂದಿನ ಮಂತ್ರಿಯಾದ ಲಿಂಗಣ್ಣನೆಂಬವನನ್ನು ಕುಂಸಿಯಲ್ಲಿ ಸೆರೆಯಿಟ್ಟರು. ಭಯದಲ್ಲಿರುವ ಮನೆಯಲ್ಲಿ ಬೇರೆ ಮಾತನ್ನಾಡುವವನು ಹಗೆಯಂತೆ ಕಾಣುವುದು ಸ್ವಾಭಾವಿಕ. ಆದರೆ ಬೇರೆ ಮಾತನ್ನಾಡುವವನಿಗೇ ಬೇರೆ ದಾರಿಯೂ ಗೊತ್ತಿರುತ್ತದೆಂಬುದನ್ನು ಬಿದನೂರಿನವರು ಕಡೆಗೆ ಅರಿತರು. ಆಗ ಕಾಲವು ಮಿಂಚಿತ್ತು.

1763ರ ಜನವರಿ

ಕೊಲೆಯಾದನೆಂದು ಹೇಳಲಾಗಿದ್ದ ಚೆನ್ನಬಸಪ್ಪನು ತಾನೇ ಎಂದು ಹೇಳಿಕೊಳ್ಳುವವನೊಬ್ಬನು ಚಿತ್ರದುರ್ಗದ ನಾಯಕನ ಮೂಲಕ ಹೈದರನ ಬಳಿಗೆ ಬಂದನು. ಮಾಯಕೊಂಡದ ಹಗೆಯು ಹೀಗೆ ಬಡ್ಡಿಸಮೇತ ಹಿಂದಿರುಗಿತು. 1763ರ ಜನವರಿಯಲ್ಲಿ ಹೈದರನ ದಂಡು ಶಿವಮೊಗ್ಗೆಯನ್ನು ಹಿಡಿದು ಕುಂಸಿಗೆ ಬಂದಿತು. ರಾಣಿಯು ವಾಡಿಕೆಯಂತೆ ಹಣವನ್ನು ಕೊಡುತ್ತೇನೆಂದಳು. ದಂಡು ಮುಂದುವರಿದಂತೆಲ್ಲ ಮೊತ್ತವನ್ನು ಏರಿಸುತ್ತ ಹೋದಳು. ಆದರೆ ಈ ಸಲ ಬಂದವನು ಚೌಥನ್ನು ಎತ್ತಿಕೊಂಡು ಹೋಗಲು ಬಂದ ಮರಾಠನಲ್ಲ. ನಾಡಿನಲ್ಲಿಯೇ ನೆಲೆನಿಲ್ಲಲು ಬಂದವನು. ಇಷ್ಟು ಹಣವನ್ನು ಕೊಡಬಲ್ಲವರ ಬಳಿ ಇನ್ನೆಷ್ಟಿದ್ದೀತೆಂದು ಅವನು ಎಣಿಸಿದ್ದರೆ ಆಶ್ಚರ್ಯವಿಲ್ಲ. ಹೀಗೆ ಒಂದು ಉಪಾಯವು ಕೆಟ್ಟಿತು.

ಇನ್ನುಳಿದುದು ಕಾಡು. ಕುಂಸಿಯಲ್ಲಿ ಸೆರೆಯಿಂದ ಹೊರಬಂದ ಲಿಂಗಣ್ಣನು ರಾಜಧಾನಿಗೆ ಹೋಗುವ ಗುಪ್ತಮಾರ್ಗವೊಂದನ್ನು ಹೈದರನಿಗೆ ತಿಳಿಸಿದನು. ದಂಡಿನ ಒಂದು ಭಾಗವು ಹೆಬ್ಬಾಗಿಲ ಎದುರಿನಲ್ಲಿ ಗದ್ದಲವೆಬ್ಬಿಸಿ ಕಾವಲಿನವರನ್ನು ಅಲ್ಲಿಯೇ ತಡೆದಿರಲು, ಹೈದರನು ಮಿಕ್ಕವರೊಡನೆ ಆ ದಾರಿಯಿಂದ ಊರನ್ನು ಹೊಕ್ಕನು. ಒಳಗೆ ಹೊಕ್ಕ ಹಗೆಯನ್ನು ಎದುರಿಸುವ ಎರಡನೆಯ ಆಲೋಚನೆಯು ಯಾರಲ್ಲಿಯೂ ಇರಲಿಲ್ಲ. ಪುರಜನರು ಮನೆಮಾರುಗಳನ್ನು ಬಿಟ್ಟು ಅಡವಿಗೆ ಓಡಿದರು. ಅರಮನೆಗೆ ಬೆಂಕಿಯಿಟ್ಟು ರಾಣಿಯು ಬಲ್ಲಾಳರಾಯನದುರ್ಗಕ್ಕೆ ಹೋದಳು. ಅಲ್ಲಿ ಸೆರೆಸಿಕ್ಕಿ ಮಧುಗಿರಿಯ ಕೋಟೆಗೆ ಸಾಗಿಸಲ್ಪಟ್ಟಳು. 1767ರಲ್ಲಿ ಪೇಶ್ವೆ ಮಾಧವರಾಯನು ಆ ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿದನು. ಪುಣೆಯ ದಾರಿಯಲ್ಲಿಯೇ ಆಕೆಯು ಲಿಂಗೈಕ್ಯಳಾದಳು.

ಬಿದನೂರಿನಲ್ಲಿ ಹೈದರನಿಗೆ ಸಿಕ್ಕಿದ ಸಂಪತ್ತು 1 ಕೋಟಿ 20 ಲಕ್ಷ ಪೌಂಡುಗಳಷ್ಟೆಂದು ಇತಿಹಾಸಕಾರ ವಿಲ್ಕ್ಸನು ಅಂದಾಜು ಮಾಡಿದ್ದಾನೆ. ಇದು ಅತಿಶಯೋಕ್ತಿಯೆಂದು ಎಷ್ಟು ಕಳೆದರೂ ಉಳಿಯುವುದು ಅಲ್ಪವೇನಲ್ಲ. ಆದುದರಿಂದ ರಾಜ್ಯವು ದಾರಿದ್ರ್ಯದಿಂದ ಬೀಳಲಿಲ್ಲವೆಂಬುದು ಸ್ಪಷ್ಟ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಅಡಿಗಲ್ಲಾಯಿತೆಂದು ಹೈದರನು ಹೇಳುತ್ತಿದ್ದನಂತೆ. ಊರಿಗೆ ಹೈದರನಗರವೆಂದು ಹೆಸರಿಟ್ಟು ಅಲ್ಲಿ ಟಂಕಸಾಲೆಯನ್ನು ತೆರೆದನು. ಕರಾವಳಿಯಲ್ಲಿ ಹಡಗುಗಳನ್ನು ಕಟ್ಟಿಸಲು ಉಪಕ್ರಮಿಸಿದನು. ಕೆಳದಿಯವರು ಕೈಬಿಟ್ಟಿದ್ದ ಕಂಬಗಳನ್ನು ಅವನು ಎತ್ತಿ ನಿಲ್ಲಿಸಲು ನೋಡಿದನೆಂಬುದು ಮನಸ್ಸಿಗೆ ನೋವಾದರೂ ಒಪ್ಪಬೇಕಾದ ಮಾತು.

ಗೆದ್ದವರೂ ಈ ಪಾಠವನ್ನು ಪೂರ್ತಿಯಾಗಿ ಕಲಿಯಲಿಲ್ಲ. 1783ರ ಜನವರಿಯಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಕರಾವಳಿಯಿಂದ ಹೊಸಂಗಡಿಯ ಘಟ್ಟವನ್ನು ಹತ್ತಿ ಬಂದಾಗ, ಅದೇ ಬಿದನೂರು ಮತ್ತೊಮ್ಮೆ ಶರಣಾಗತವಾಯಿತು. ಅದೇ ವರ್ಷ ಟಿಪ್ಪುವು ಬಂದು ಅದನ್ನು ಇಂಗ್ಲಿಷರಿಂದ ಹಿಂದಕ್ಕೆ ಪಡೆದನು. ದುರ್ಗಮವೆಂದು ಹೆಸರಾದ ಒಂದೇ ಸ್ಥಳವು ಸುಮಾರು ಇಪ್ಪತ್ತು ವರ್ಷಗಳಲ್ಲಿ ಮೂರುಸಲ ಕೈಬದಲಾಯಿತು.

ಅರಮನೆ ಹೋಯಿತು, ಮಠ ಉಳಿಯಿತು

ಬಿದನೂರು ಇಂದು ನಗರವೆಂಬ ಹೆಸರಿನಿಂದ ಹೊಸನಗರ ತಾಲ್ಲೂಕಿನ ಒಂದು ಚಿಕ್ಕ ಊರಾಗಿದೆ. ಕವಲೇದುರ್ಗದಲ್ಲಿ ಅರಮನೆಯ ಅಡಿಗಲ್ಲುಗಳು ಮಾತ್ರ ಕಾಣುತ್ತವೆ. ಆದರೆ ಅದೇ ಕವಲೇದುರ್ಗದ ಮಠವು ಇಂದಿಗೂ ಇದೆ. ಅರಸರು ಉಂಬಳಿಯಿತ್ತು ಬೆಳೆಸಿದ ಮಠವು ಅರಸರಿಗಿಂತ ಹೆಚ್ಚುಕಾಲ ಬಾಳಿದ್ದು ಹೇಗೆ?

ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ಕೆಳದಿಗಿಂತ ಬಹು ಹಿಂದಕ್ಕೆ, ಕಲ್ಯಾಣದ ಕಾಲಕ್ಕೆ ಹೋಗಬೇಕು. ಹನ್ನೆರಡನೆಯ ಶತಮಾನದ ಏಳನೆಯ ದಶಕದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರ ಮೇಲೆ ಬಂದ ಒತ್ತಡವು ಬಿದನೂರಿನ ಮೇಲೆ ಬಂದುದಕ್ಕಿಂತ ಕಡಿಮೆಯದಲ್ಲ. ಅವರಿಗೆ ಕೋಟೆಯಿರಲಿಲ್ಲ, ಬೊಕ್ಕಸವಿರಲಿಲ್ಲ. ಆದರೆ ಅವರು ಒಂದೇ ಸ್ಥಳವನ್ನಾಗಲಿ ಒಂದೇ ಉಪಾಯವನ್ನಾಗಲಿ ನೆಚ್ಚಿ ಕುಳಿತುಕೊಳ್ಳಲಿಲ್ಲ. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು; ಚೆನ್ನಬಸವಣ್ಣನವರು ಉಳವಿಯ ಅಡವಿಯನ್ನು ಸೇರಿದರು; ಮತ್ತೆ ಕೆಲವರು ಶ್ರೀಶೈಲದ ದಾರಿ ಹಿಡಿದರು. ಅನುಭವಮಂಟಪವು ಚದುರಿತು, ಚದುರಿದ್ದರಿಂದಲೇ ಹಲವೆಡೆ ಬೇರೂರಿತು. ಎರಡೂವರೆ ಶತಮಾನಗಳ ತರುವಾಯ ಪ್ರೌಢದೇವರಾಯನ ಕಾಲದಲ್ಲಿ (1424-1446) ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರು ಒದಗಿಬಂದು, ವಚನಗಳನ್ನು ಕೂಡಿಸಿ ಕಟ್ಟುವ ಕಾರ್ಯವು ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯನವರ ‘ಶೂನ್ಯಸಂಪಾದನೆ’ಯು ಆ ಪರಂಪರೆಯ ಫಲ. ತೋಂಟದ ಸಿದ್ಧಲಿಂಗ ಯತಿಗಳು ಶಿಷ್ಯಪರಿವಾರದೊಡನೆ ಊರೂರು ಸಂಚರಿಸಿ ಆ ಅರಿವನ್ನು ಹಂಚಿದರು. ಓಲೆಗರಿಯ ಕಾಲವು ಮುಗಿದು ಅಚ್ಚಿನ ಕಾಲವು ಬಂದಾಗ, 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು. ಅಡವಿ, ಆಸ್ಥಾನ, ಹಳ್ಳಿಯ ಮಠ, ಓಲೆ, ಅಚ್ಚು ಹೀಗೆ ಸಾಧನವು ಬದಲಾಗುತ್ತ ಬಂದಿತು; ಸಾಧ್ಯವು ಬದಲಾಗಲಿಲ್ಲ.

ಬಿದನೂರಿನಲ್ಲಿ ನಡೆದುದು ಇದಕ್ಕೆ ತಿರುಗುಮುರುಗು. ಅಲ್ಲಿ ಸಾಧನವನ್ನು ಬಿಗಿಯಾಗಿ ಹಿಡಿದರು, ಸಾಧ್ಯವು ಮರೆತುಹೋಯಿತು. ಪ್ರಜೆಗಳನ್ನು ಕಾಯುವುದಕ್ಕಾಗಿ ಹಣ, ಹಣಕ್ಕಾಗಿ ಪಟ್ಟಿ, ಪಟ್ಟಿಗಾಗಿ ಪ್ರಜೆಗಳನ್ನು ಹಿಂಡುವುದು ಎಂಬಲ್ಲಿಗೆ ಬಂದು ಮುಟ್ಟಿತು.

ನಮಗೆ ಅನ್ವಯಿಸುವುದು

ಭಕ್ತಬಾಂಧವರಲ್ಲಿ ವಿನಯದಿಂದ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮಠವೂ ಒಂದು ಸಂಸ್ಥೆ. ಅದಕ್ಕೂ ಕಷ್ಟಕಾಲವು ಬರುತ್ತದೆ. ಕಷ್ಟಕಾಲದಲ್ಲಿ ಹಿಂದೊಮ್ಮೆ ಕೈಹಿಡಿದ ಒಂದು ಉಪಾಯಕ್ಕೆ ಜೋತುಬೀಳುವ ಆಸೆಯು ಅದಕ್ಕೂ ಆಗುತ್ತದೆ. ಹಣದ ಅಡಚಣೆಯಾದಾಗ ಜಾತ್ರೆಯೊಂದು ನಡೆದರೆ ಸಾಕೆಂದು ಕೆಲವರು ಹೇಳುವರು. ಶಾಲೆಗಳಿಂದ ಹೆಸರು ಬಂದಾಗ ಶಾಲೆಯೊಂದಿದ್ದರೆ ಸಾಕೆಂದು ಕೆಲವರು ಹೇಳುವರು. ಕಟ್ಟಡವೇ ಮಠವೆಂದು ತಿಳಿಯುವವರೂ ಉಂಟು. ಜಾತ್ರೆ, ಶಾಲೆ, ಕಟ್ಟಡ ಇವೆಲ್ಲವೂ ಬೇಕು. ಆದರೆ ಪ್ರಸಾದ, ಅಕ್ಷರ, ಅನುಭವ, ಜಂಗಮ ಸಂಚಾರ ಇವು ನಾಲ್ಕೂ ಒಂದನ್ನೊಂದು ಹೊತ್ತು ನಿಂತಿರುವಾಗಲೇ ಮಠಕ್ಕೆ ಬಲ. ಯಾವುದು ನಿಧಾನವಾಗಿ ಫಲ ಕೊಡುವುದೋ ಅದನ್ನೇ ಆತುರದ ಕಾಲದಲ್ಲಿ ಮೊದಲು ಕೈಬಿಡುತ್ತೇವೆ. ಆಮೇಲೆ ಬೇಕೆಂದರೆ ಅದು ಒಂದು ದಿನದಲ್ಲಿ ಸಿಕ್ಕುವುದಿಲ್ಲ.

ಮತ್ತೊಂದು ಸಂಗತಿಯೂ ಇದೆ. ಕುಂಸಿಯ ಸೆರೆಯಲ್ಲಿದ್ದವನಿಗೆ ಗೊತ್ತಿದ್ದ ದಾರಿಯು ಅರಮನೆಯ ಸಭೆಯಲ್ಲಿಯೇ ಚರ್ಚೆಗೆ ಬಂದಿದ್ದರೆ ಅಲ್ಲಿ ಕಾವಲು ಹಾಕಬಹುದಾಗಿತ್ತು. ಅನುಭವಮಂಟಪದಲ್ಲಿ ಹಿರಿಯರನ್ನು ಪ್ರಶ್ನಿಸುವ ಅಧಿಕಾರವು ಎಲ್ಲ ಕಾಯಕದವರಿಗೂ ಇದ್ದಿತು. ಆ ಪದ್ಧತಿಯನ್ನು ನಮ್ಮ ಪೂರ್ವಿಕರು ಶೋಭೆಗಾಗಿ ಇಟ್ಟುಕೊಂಡಿರಲಿಲ್ಲ. ಒಪ್ಪದ ಮಾತನ್ನೂ ಸಭೆಯಲ್ಲಿ ಕೂಡಿಸಿಕೊಂಡು ಕೇಳುವ ಮನೆಗೆ ಹಿತ್ತಿಲ ಬಾಗಿಲಿನ ಭಯವು ಕಡಿಮೆ.

ನಗರದ ಕಡೆಗೆ ಯಾತ್ರೆ ಹೋಗುವ ಭಕ್ತರು ಕೋಟೆಯ ಗೋಡೆಯನ್ನು ಕಂಡು ವೀರಮ್ಮಾಜಿಯನ್ನು ನಿಂದಿಸದೆ, ಲಿಂಗಣ್ಣನನ್ನು ಶಪಿಸದೆ, ಕ್ಷಣಕಾಲ ನಿಂತು ಶಿವಪ್ಪ ನಾಯಕನ ಹನ್ನೆರಡು ವರ್ಷಗಳ ಅಳತೆಯನ್ನು ನೆನೆದರೆ ಸಾಕು.